ಗೊರೂರು ತುಂಬಿತು, ಊರ ಕೆರೆ ಯಾಕೆ ತುಂಬಲಿಲ್ಲ?

ಗೊರೂರು ಅಣೆಕಟ್ಟೆ ತುಂಬಿತು ಅಂದರೆ ಹಾಸನ ಜಿಲ್ಲೆಗೆ ಅದೊಂದು ಹಬ್ಬ. ಮಂತ್ರಿಗಳು ಬರ್ತಾರೆ, ಶಾಸಕರು ಬರ್ತಾರೆ, ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಹೇಮಾವತಿಗೆ ಬಾಗಿನ ಬಿಡ್ತಾರೆ. ಫೋಟೋ ಆಗುತ್ತೆ, ಭಾಷಣ ಆಗುತ್ತೆ. ಮಾರನೇ ದಿನದಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲೂಕಿನ ಹಳ್ಳಿಗಳಲ್ಲಿ ಒಂದೇ ಕೂಗು: ‘ನಮ್ಮ ಕೆರೆಗೂ ನೀರು ಬಿಡಿ.’

ಕೂಗು ನ್ಯಾಯವಾದದ್ದೇ. ಕಣ್ಣೆದುರಿಗೆ ನಾಲೆಯಲ್ಲಿ ನೀರು ಹರಿದು ಹೋಗ್ತಾ ಇರುವಾಗ ಪಕ್ಕದ ಕೆರೆ ಬಣಗುಟ್ಟಿದರೆ ಯಾರಿಗೆ ತಾನೇ ಹೊಟ್ಟೆ ಉರಿಯೋದಿಲ್ಲ? ಆದರೆ ಈ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಗೊರೂರು ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಈ ಸೀಮೆಯ ಕೆರೆಗಳಿಗಾದರೋ ನೂರಾರು ವರ್ಷ ವಯಸ್ಸು, ಎಷ್ಟೋ ಕೆರೆಗಳು ಹೊಯ್ಸಳರ ಕಾಲದವು. ಅಣೆಕಟ್ಟೆಯೂ ಇಲ್ಲದೆ, ನಾಲೆಯೂ ಇಲ್ಲದೆ ಅಷ್ಟು ವರ್ಷ ಅವು ತುಂಬಿದ್ದು ಯಾವ ನೀರಿನಿಂದ? ಆ ನೀರು ಈಗ ಎಲ್ಲಿಗೆ ಹೋಯಿತು?

2023ರಲ್ಲಿ ಈ ಪ್ರಶ್ನೆ ಬೀದಿಗೆ ಬಂದು ನಿಂತಿತು. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಸಾರಿತು. ಕಾವೇರಿ ಕೊಳ್ಳದ ನೀರಿಗಾಗಿ ಸೆಪ್ಟೆಂಬರಿನಲ್ಲಿ ಬಂದ್ ಮೇಲೆ ಬಂದ್ ಆಯಿತು. ಅಂಥ ವರ್ಷ ನಾಲೆಯನ್ನೇ ನಂಬಿದ ಕೆರೆಗೆ ನಾಲೆ ನೀರೂ ಇಲ್ಲ, ಬಿದ್ದಷ್ಟು ಮಳೆಯ ನೀರು ಬರೋದಕ್ಕೆ ದಾರಿಯೂ ಇಲ್ಲ. ಮಾರನೇ ವರ್ಷ, 2024ರ ಜುಲೈನಲ್ಲಿ, ಗೊರೂರು ತುಂಬಿ ಗೇಟು ತೆಗೆದರು. ಎಲ್ಲರೂ ಹಿಂದಿನ ವರ್ಷದ ಪಾಠ ಮರೆತರು.

ಇಲ್ಲಿ ತಾನಾಗಿ ಹುಟ್ಟಿದ ಕೆರೆಯಿಲ್ಲ

ಪಾಠ ಅರ್ಥವಾಗಬೇಕಾದರೆ ಕೆರೆ ಅನ್ನೋದು ಹೇಗೆ ಹುಟ್ಟುತ್ತೆ ಅನ್ನೋದನ್ನು ಮೊದಲು ನೋಡಬೇಕು.

ಸರೋವರಗಳನ್ನೇ ಓದುವ ಒಂದು ಶಾಸ್ತ್ರ ಇದೆ. ಸ್ವಿಟ್ಜರ್ಲೆಂಡಿನ ಫೊರೆಲ್ ಎಂಬ ಪಂಡಿತರು ಜಿನೀವಾ ಸರೋವರವನ್ನು ವರ್ಷಗಟ್ಟಲೆ ಅಳೆದು ತೂಗಿ 1892ರಲ್ಲಿ ಅದರ ಮೇಲಿನ ದೊಡ್ಡ ಗ್ರಂಥದ ಮೊದಲ ಭಾಗ ತಂದರು. ಅಲ್ಲಿಂದ ಈ ಶಾಸ್ತ್ರಕ್ಕೆ ಒಂದು ನೆಲೆ ಸಿಕ್ಕಿತು. ಮುಂದೆ 1957ರಲ್ಲಿ ಹಚಿನ್ಸನ್ ಎಂಬ ವಿಜ್ಞಾನಿ ಲೋಕದ ಸರೋವರಗಳು ಹುಟ್ಟಿದ ಬಗೆಯನ್ನು ಪಟ್ಟಿ ಮಾಡಿದರು. ಒಟ್ಟು 76 ಬಗೆ. ಹಿಮನದಿ ಕೊರೆದು ಆದವು ಕೆಲವು. ಭೂಮಿ ಸೀಳಿ ಆದವು ಕೆಲವು. ರಷ್ಯಾದ ಬೈಕಲ್ ಸರೋವರ ಹಾಗೆ ಆದದ್ದು, ಅದರ ಆಳ 1,642 ಮೀಟರ್. ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದವು ಕೆಲವು. ಮಹಾರಾಷ್ಟ್ರದ ಲೋಣಾರ್ ಸರೋವರ ಉಲ್ಕೆ ಬಿದ್ದು ಆದ ಗುಂಡಿ. ಮನುಷ್ಯ ಕಟ್ಟಿದ ಕಟ್ಟೆಯೂ ಆ ಪಟ್ಟಿಯಲ್ಲಿ ಒಂದು ಬಗೆ.

ಹಾಸನ ಸೀಮೆಗೆ ಬಂದರೆ ಆ ಕೊನೆಯ ಬಗೆಯೊಂದೇ ಗತಿ. ಈ ನೆಲ ಬಹಳ ಮುದಿ ನೆಲ. ಗೊರೂರಿನ ಸುತ್ತಿನ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸು ಅಂತ ಭೂಗರ್ಭ ಶಾಸ್ತ್ರಜ್ಞರು ಲೆಕ್ಕ ಕಟ್ಟಿದ್ದಾರೆ. ಹೊಳೆನರಸೀಪುರದ ಶಿಲಾಪಟ್ಟಿಯನ್ನು ನೋಡೋದಕ್ಕೆ ಹೊರದೇಶದ ಪಂಡಿತರೂ ಬಂದು ಹೋಗಿದ್ದಾರೆ. ಇಲ್ಲಿ ಇತ್ತೀಚಿನ ಹಿಮನದಿಯಿಲ್ಲ, ಜ್ವಾಲಾಮುಖಿಯಿಲ್ಲ. ಕೋಟ್ಯಂತರ ವರ್ಷದ ಮಳೆ, ಹೊಳೆ, ಹಳ್ಳಗಳು ನೆಲವನ್ನು ತೀಡಿ ತೀಡಿ ಇಳಿಜಾರು ಮಾಡಿಟ್ಟಿವೆ. ನೀರು ತಾನಾಗಿ ನಿಲ್ಲೋದಕ್ಕೆ ತಗ್ಗೇ ಉಳಿದಿಲ್ಲ. ಬಿದ್ದ ನೀರೆಲ್ಲ ಹಳ್ಳ ಹಿಡಿದು ಹೇಮಾವತಿಗೋ ಕಾವೇರಿಗೋ ಓಡುತ್ತೆ.

ಅಂದ ಮೇಲೆ ಈ ನಾಲ್ಕು ತಾಲೂಕುಗಳಲ್ಲಿ ಕಾಣುವ ಪ್ರತಿ ಕೆರೆಯೂ ಯಾರೋ ಮಣ್ಣು ಹೊತ್ತು ಕಟ್ಟಿದ್ದು. ಚನ್ನರಾಯಪಟ್ಟಣದ ಅಮಾನಿಕೆರೆಯೂ ಅಷ್ಟೆ, ಹಾಸನದ ಹುಣಸಿನಕೆರೆ, ಸತ್ಯಮಂಗಲ ಕೆರೆಯೂ ಅಷ್ಟೆ. ಜಿಲ್ಲೆಯ ಊರುಗಳ ಹೆಸರೇ ಇದಕ್ಕೆ ಸಾಕ್ಷಿ ಹೇಳುತ್ತವೆ. ಅರಸಿ ಕಟ್ಟಿಸಿದ ಕೆರೆ ಅರಸೀಕೆರೆ ಆಯಿತು. ಎರಡು ಬೆಟ್ಟದ ನಡುವಿನ ಬಿಳಿಯ ಕೊಳ ಬೆಳ್ಗೊಳ ಆಯಿತು, ಶ್ರವಣಬೆಳಗೊಳ ಆಯಿತು.

ಮನುಷ್ಯ ಕಟ್ಟಿದ್ದನ್ನು ಮನುಷ್ಯನೇ ನೋಡಿಕೊಳ್ಳಬೇಕು. ಕೈಬಿಟ್ಟರೆ ಕೆರೆ ಮತ್ತೆ ಹಳ್ಳವಾಗುತ್ತೆ, ಇಲ್ಲವೇ ಹೊಲವಾಗುತ್ತೆ. ಈಗ ಆಗ್ತಾ ಇರೋದು ಅದೇ.

ಒಂದು ಕೆರೆಯಲ್ಲ, ಒಂದು ಸರ

ಹಿಂದಿನವರು ಕೆರೆ ಕಟ್ಟಿದ ಜಾಣತನ ಎಂಥಾದ್ದು ನೋಡಿ. ಹಳ್ಳದ ತಲೆಯಲ್ಲಿ ಒಂದು ಸಣ್ಣ ಕಟ್ಟೆ. ಅದು ತುಂಬಿದರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಅದರ ಕೋಡಿ ಇನ್ನೂ ಕೆಳಗಿನ ದೊಡ್ಡ ಕೆರೆಗೆ. ಮೇಲಿನ ಕೆರೆಯ ಗದ್ದೆಯಿಂದ ಬಸಿದ ನೀರೂ ಕೆಳಗಿನ ಕೆರೆಗೇ ಬರಬೇಕು. ಹೀಗೆ ಸರದ ಮಣಿ ಪೋಣಿಸಿದ ಹಾಗೆ ಕೆರೆಗಳನ್ನು ಪೋಣಿಸಿದ್ದರು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ ಈ ವ್ಯವಸ್ಥೆ ಕಂಡು ಬೆರಗಾಗಿ, ಈ ಸಂಸ್ಥಾನದಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕೋದಕ್ಕೇ ಬುದ್ಧಿ ಖರ್ಚು ಮಾಡಬೇಕು ಅನ್ನುವ ಅರ್ಥದಲ್ಲಿ ಬರೆದಿಟ್ಟರು.

ಕಟ್ಟಿ ಕೈತೊಳೆದುಕೊಂಡವರೂ ಅಲ್ಲ ಅವರು. ಏರಿ ನೋಡಿಕೊಳ್ಳುವವನಿಗೆ ಕಟ್ಟುಕೊಡಗೆ ಅಂತ ಜಮೀನು ಬಿಟ್ಟರು. ಹೂಳು ಹೊರುವ ಬಂಡಿಗೆ ಅಂತ ದತ್ತಿ ಬಿಟ್ಟರು. ತೂಬು ಎತ್ತಿ ಇಳಿಸಿ ಗದ್ದೆ ಗದ್ದೆಗೆ ನೀರು ಹಂಚಲು ನೀರುಗಂಟಿ ಇದ್ದ. ಸುಗ್ಗಿಯಲ್ಲಿ ಅವನಿಗೆ ಕಣದಲ್ಲೇ ಧಾನ್ಯ ಅಳೆದು ಕೊಡ್ತಿದ್ದರು. ಕೆರೆ ಉಳಿದರೆ ಅವನ ಹೊಟ್ಟೆಗೆ, ಹೋದರೆ ಅವನಿಗೂ ಉಪವಾಸ.

ಈ ಸರಕ್ಕೆ ಬೇಕಾದ ನೀರು ಎಲ್ಲಿಂದ ಬರಬೇಕು? ಕೆರೆಯ ಮೇಲ್ಗಡೆಯ ನೆಲದಿಂದ. ಲೆಕ್ಕ ಸುಲಭ. ಒಂದು ಚದರ ಮೈಲಿ ನೆಲದಿಂದ ಬರೀ ಒಂದು ಅಂಗುಲದಷ್ಟು ಮಳೆನೀರು ಹರಿದು ಬಂದರೆ ಕೆರೆಗೆ 53 ಎಕರೆ-ಅಡಿ ನೀರು. ಅಂದರೆ 53 ಎಕರೆ ಅಂಗಳದಲ್ಲಿ ಒಂದಡಿ ನೀರು ನಿಂತಷ್ಟು. ಅರಕಲಗೂಡಿನ ಪಡುವಣ ಭಾಗ ಅರೆ ಮಲೆನಾಡು, ಅಲ್ಲಿ ಮಳೆ ಧಾರಾಳ. ಸಣ್ಣ ಕಟ್ಟೆಗೆ ಸ್ವಲ್ಪ ನೆಲ ಸಾಕು. ಚನ್ನರಾಯಪಟ್ಟಣದ ಕಡೆ ಮಳೆ ಕಮ್ಮಿ, ಸಕಲೇಶಪುರದಲ್ಲಿ ಬೀಳೋದರ ಮೂರರಲ್ಲೊಂದು ಪಾಲಿನ ಆಸುಪಾಸು. ಅಲ್ಲಿ ಕೆರೆ ತುಂಬಬೇಕಾದರೆ ಮೇಲ್ಗಡೆ ಹೆಚ್ಚು ನೆಲ ಬೇಕು, ಹಳ್ಳಗಳು ಒಂದಿಂಚೂ ತಪ್ಪದೆ ಹರಿಯಬೇಕು. ಮಳೆ ಕಮ್ಮಿಯಾದಷ್ಟೂ ಹಳ್ಳದ ಬೆಲೆ ಜಾಸ್ತಿ.

ಹೂಳಿನ ಲೆಕ್ಕ

ಇನ್ನೊಂದು ಸತ್ಯ ಏನೆಂದರೆ, ಕೆರೆ ಹುಟ್ಟಿದ ದಿನದಿಂದಲೇ ಸಾಯೋದಕ್ಕೆ ಶುರುಮಾಡುತ್ತೆ. ದೊಡ್ಡ ದೊಡ್ಡ ಸರೋವರಗಳೂ ಇದಕ್ಕೆ ಹೊರತಲ್ಲ. ಹರಿದು ಬರುವ ನೀರಿನ ಜತೆ ಮಣ್ಣು ಬರುತ್ತೆ. ನೀರು ನಿಂತ ಕೂಡಲೇ ದಪ್ಪ ಉಸುಕು ಕೆರೆಯ ಬಾಯಲ್ಲೇ ಕೂರುತ್ತೆ, ನವಿರಾದ ಜೇಡಿ ತೇಲುತ್ತಾ ಬಂದು ಏರಿಯ ಹತ್ತಿರ ತಳ ಸೇರುತ್ತೆ. ಬಾಯಲ್ಲಿ ಕೂತ ಉಸುಕು ವರ್ಷ ವರ್ಷ ಏರಿ ನೆಲವಾಗುತ್ತೆ. ಆ ನೆಲದ ಮೇಲೆ ಮೊದಲ ವರ್ಷ ದನ ಮೇಯುತ್ತೆ, ಎರಡನೇ ವರ್ಷ ಯಾರೋ ಹುರುಳಿ ಚೆಲ್ತಾರೆ, ಮೂರನೇ ವರ್ಷ ಬೇಲಿ ಬೀಳುತ್ತೆ, ನಾಲ್ಕನೇ ವರ್ಷ ಅದಕ್ಕೆ ಪಹಣಿ ಹುಡುಕ್ತಾರೆ! ಒತ್ತುವರಿಗೆ ಜಾಗ ತಯಾರು ಮಾಡಿಕೊಟ್ಟದ್ದೇ ಹೂಳು.

ಹೂಳು ತುಂಬಿದ ಕೆರೆಯಲ್ಲಿ ನೀರು ಕಮ್ಮಿ ಹಿಡಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬಿಸಿಲಿನ ಲೆಕ್ಕ. ಬಯಲಿನ ಕೆರೆಯ ಮೇಲಿಂದ ವರ್ಷಕ್ಕೆ ಐದಡಿಯಷ್ಟು ನೀರು ಆವಿಯಾಗಿ ಹೋಗುತ್ತೆ. 50 ಎಕರೆ ಅಂಗಳ, 12 ಅಡಿ ಆಳದ ಕೆರೆಯಲ್ಲಿ 600 ಎಕರೆ-ಅಡಿ ನೀರು. 100 ಎಕರೆ ಅಂಗಳ, 6 ಅಡಿ ಆಳದ ಕೆರೆಯಲ್ಲೂ ಅಷ್ಟೇ 600. ಐದಡಿ ಬಿಸಿಲು ಕುಡಿದರೆ ಮೊದಲನೆಯದರಲ್ಲಿ ಹೋಗೋದು 250, ಎರಡನೆಯದರಲ್ಲಿ 500. ಒರಟು ಲೆಕ್ಕವೇ ಸರಿ. ಆದರೂ ಆಳ ಕಳೆದುಕೊಂಡ ಕೆರೆ ರೈತನಿಗಿಂತ ಹೆಚ್ಚಾಗಿ ಸೂರ್ಯನಿಗೆ ನೀರು ಕೊಡುತ್ತೆ ಅನ್ನೋದು ಇದರಿಂದ ತಿಳಿಯುತ್ತೆ. ನಾಲೆಯಿಂದ ಕೋಟಿಗಟ್ಟಲೆ ಖರ್ಚಿನಲ್ಲಿ ತಂದ ನೀರೂ ಇದಕ್ಕೆ ಹೊರತಲ್ಲ.

ಹಾಗಾದರೆ ಹೂಳೆತ್ತಿದರೆ ಆಯ್ತಲ್ಲ? ಎತ್ತಬೇಕು, ಆದರೆ ಎತ್ತುವ ರೀತಿ ಒಂದಿದೆ. ಹಿಂದೆ ಬೇಸಿಗೆಯಲ್ಲಿ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಏರಿ ಹತ್ತಿರದ ಗೋಡು ಮಣ್ಣನ್ನು ಪದರ ಪದರವಾಗಿ ತೆಗೆದು ಗದ್ದೆಗೆ ಹೊಡೆಯುತ್ತಿದ್ದರು. ಗದ್ದೆಗೆ ಗೊಬ್ಬರ, ಕೆರೆಗೆ ಆಳ, ಎರಡೂ ಆಯಿತು. ಈಗ ಜೆಸಿಬಿ ಬರುತ್ತೆ, ಟಿಪ್ಪರ್ ಬರುತ್ತೆ. ಮಣ್ಣು ಇಟ್ಟಿಗೆ ಗೂಡಿಗೋ ಲೇಔಟಿಗೋ ಹೋಗುತ್ತೆ. ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಆನೆಗುಂಡಿ. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯ ನೀರು ತೂಬಿಗೆ ಹತ್ತೋದಿಲ್ಲ, ಅಚ್ಚುಕಟ್ಟಿಗೆ ಹರಿಯೋದಿಲ್ಲ. ದನಕರುಗಳಿಗೆ, ಅಂತರ್ಜಲಕ್ಕೆ ಆದೀತು, ಗದ್ದೆಗೆ ಇಲ್ಲ. ಬಿಲ್ಲಿನಲ್ಲಿ ಮಾತ್ರ ‘ಕೆರೆ ಹೂಳೆತ್ತುವ ಕಾಮಗಾರಿ’ ಅಂತಲೇ ಇರುತ್ತೆ.

ನಾಲೆ ಬಂತು, ಹಳ್ಳ ಹೋಯ್ತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗೊರೂರಿನಲ್ಲಿ ಹಿಡಿಯುವ ನೀರು 37 ಟಿಎಂಸಿಯಷ್ಟು. ಎಡದಂಡೆ ನಾಲೆ ಹೊಳೆನರಸೀಪುರ, ಚನ್ನರಾಯಪಟ್ಟಣ ಹಾದು ಮಂಡ್ಯ, ತುಮಕೂರು ಜಿಲ್ಲೆಗಳ ಕಡೆ ಹೋಗುತ್ತೆ. ತುಮಕೂರಿನ ಪಾಲು ಬಾಗೂರು-ನವಿಲೆ ಸುರಂಗ ದಾಟಬೇಕು. ಬಲ ಮೇಲ್ದಂಡೆ ನಾಲೆ ಅರಕಲಗೂಡಿನ ಕಡೆಗೆ. ನಾಲೆಗಿಂತ ಎತ್ತರದ ಊರುಗಳಿಗೆ ಏತ ನೀರಾವರಿ: ಕಾಚೇನಹಳ್ಳಿ, ಹಿರೀಸಾವೆ-ಜುಟ್ಟನಹಳ್ಳಿ, ನುಗ್ಗೇಹಳ್ಳಿ. ಇದರಿಂದ ಎಷ್ಟೋ ಕೆರೆ ಕಣ್ಣು ಬಿಟ್ಟಿವೆ, ತೆಂಗು ಉಳಿದಿದೆ, ಬಾವಿಯಲ್ಲಿ ನೀರು ಮೇಲೆ ಬಂದಿದೆ. ಯಾರೂ ಅಲ್ಲಗಳೆಯೋದಿಲ್ಲ.

ಆದರೆ ಅದರ ಹಿಂದೆಯೇ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿದೆ. ಕೆರೆಗೆ ನಾಲೆ ನೀರು ಬರುತ್ತೆ ಅಂದ ಮೇಲೆ ಹಳ್ಳ ಯಾರಿಗೆ ಬೇಕು? ಮೇಲಿನ ಹೊಲದವರು ಹಳ್ಳ ಮುಚ್ಚಿ ಬದು ಹಾಕಿಕೊಂಡರು. ರಸ್ತೆ ಮಾಡಿದವರು ಮೋರಿ ಇಡೋದನ್ನು ಮರೆತರು. ಲೇಔಟ್ ಮಾಡಿದವರು ರಾಜಕಾಲುವೆಯ ಮೇಲೆ ಸೈಟು ಬರೆದರು. ಕೋಡಿ ಹಳ್ಳದಲ್ಲಿ ಅಡಿಕೆ, ಬಾಳೆ ಎದ್ದು ನಿಂತವು. ಕೆರೆ ಮಾತ್ರ ನಕ್ಷೆಯಲ್ಲಿ ಹಾಗೇ ಉಳಿಯಿತು, ಅದರ ಕೈಕಾಲು ಕತ್ತರಿಸಿ ಹೋಗಿತ್ತು.

ನಾಲೆ ನೀರು ಊರಿನವರ ಕೈಯಲ್ಲಿರೋ ವಸ್ತು ಅಲ್ಲ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ ಕರ್ನಾಟಕದ ಪಾಲು 284.75 ಟಿಎಂಸಿ ಅಂತ ನಿಗದಿ ಮಾಡಿತು. ಹೇಮಾವತಿಯ ಹನಿ ಹನಿಯೂ ಆ ಲೆಕ್ಕದೊಳಗೆ. ಕೆಳಗೆ ತುಮಕೂರಿದೆ, ಮಂಡ್ಯ ಇದೆ, ತಮಿಳುನಾಡಿದೆ. ಬರಗಾಲ ಬಂತೋ, ಮೊದಲು ಕುಡಿಯುವ ನೀರು, ಆಮೇಲೆ ಪೈರು. ಹಳ್ಳಿ ಕೆರೆಯ ಸರದಿ ಕೊನೆಗೆ. ಆದರೆ ಊರ ಮೇಲಿನ ಗುಡ್ಡದಲ್ಲಿ ಬಿದ್ದ ಮಳೆಯನ್ನು ಊರ ಕೆರೆಗೆ ಇಳಿಸಿಕೊಳ್ಳೋದಕ್ಕೆ ಯಾವ ಸಚಿವಾಲಯದ ಅಪ್ಪಣೆಯೂ ಬೇಕಿಲ್ಲ. ಆ ನೀರನ್ನೇ ಊರಿನವರು ಕೈಯಾರೆ ತಡೆದಿದ್ದಾರೆ.

ಸತ್ತ ಮೀನಿನ ಸಾಕ್ಷಿ

ಊರೊಳಗಿನ ಕೆರೆಗಳ ಕಥೆ ಇನ್ನೊಂದು ತರಹ. ಅಲ್ಲಿ ಮಳೆನೀರಿನ ದಾರಿ ಕಟ್ಟಿಹೋಗಿ ಬಚ್ಚಲ ನೀರಿನ ದಾರಿ ತೆರೆದುಕೊಂಡಿದೆ. ಊರು ಬೆಳೆಯುತ್ತಾ ಬಂದು ಕೆರೆಯ ಮಗ್ಗುಲಿಗೇ ನಿಂತಿದೆ. ಹಾಸನದ ಹೊಸ ಬಸ್ ನಿಲ್ದಾಣದ ಮಗ್ಗುಲಿನ ಚನ್ನಪಟ್ಟಣ ಕೆರೆಯನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಬಚ್ಚಲ ನೀರು ಸೇರುವ ಕೆರೆ ಬೇಸಿಗೆಯಲ್ಲೂ ತುಂಬಿದ ಹಾಗೆ ಕಾಣುತ್ತೆ. ನೋಡಿದವರು ‘ಪರವಾಗಿಲ್ಲ, ನೀರಿದೆ’ ಅಂತಾರೆ. ಒಂದು ಬೆಳಗ್ಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಆಗ ‘ಯಾರೋ ಔಷಧಿ ಹಾಕವ್ರೆ’ ಅಂತ ಗುಲ್ಲು, ಪೊಲೀಸು, ಪಂಚಾಯ್ತಿ.

ವಿಷ ಹಾಕಿದ್ದೂ ಇರಬಹುದು. ಬಹಳ ಸಲ ಕೊಲ್ಲೋದು ವಿಷವಲ್ಲ, ಉಸಿರುಕಟ್ಟು. ಮೀನು ಉಸಿರಾಡೋದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಇಲ್ಲಿನ ಹವೆಯಲ್ಲಿ, 25 ಡಿಗ್ರಿ ಬಿಸಿಯ ನೀರಿನಲ್ಲಿ, ಅದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ ಕರಗುತ್ತೆ. ಬಚ್ಚಲ ನೀರು ಸೇರಿದರೆ ಪಾಚಿ ಹೆಚ್ಚುತ್ತೆ. ಹಗಲು ಬಿಸಿಲಿರುವಾಗ ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಅದನ್ನು ತಿನ್ನುತ್ತೆ. ಹಗಲಲ್ಲಿ ಮೇಲಿನ ನೀರು ಕಾದು ಹಗುರಾಗಿ ಮೇಲೇ ನಿಲ್ಲುತ್ತೆ, ತಳದ ತಣ್ಣನೆಯ ನೀರಿಗೆ ಗಾಳಿ ಸೋಕೋದಿಲ್ಲ. ಅಲ್ಲಿ ಕೊಳೆ ಕೊಳೆತು ಇದ್ದಬದ್ದ ಆಮ್ಲಜನಕ ಮುಗಿದಿರುತ್ತೆ. ಎರಡು ದಿನ ಮೋಡ ಕವಿಯಿತು ಅಥವಾ ರಾತ್ರಿ ಒಂದು ಜೋರು ಮಳೆ ಬಿತ್ತು ಅನ್ನಿ. ಮೇಲಿನ ನೀರು ತಣ್ಣಗಾಗಿ ಕೆಳಕ್ಕಿಳಿಯುತ್ತೆ, ತಳದ ಕೊಳಕು ಮೇಲೇಳುತ್ತೆ. ಬೆಳಗಿನ ಜಾವಕ್ಕೆ ಉಸಿರು ಸಾಲದೆ ಮೀನು ಬಾಯಿ ಬಾಯಿ ಬಿಡುತ್ತೆ. ಸೂರ್ಯ ಹುಟ್ಟುವ ಹೊತ್ತಿಗೆ ಮುಗಿಯಿತು. ಮೀನು ಹರಾಜು ಕೂಗಿದವನು ತಲೆ ಮೇಲೆ ಕೈ ಹೊತ್ತು ಕೂರ್ತಾನೆ.

ಈ ಪಾಚಿಗೆ ಮೇವು ಯಾವುದು ಅಂತ ಕೆನಡಾದಲ್ಲಿ 1973ರಲ್ಲಿ ಪರೀಕ್ಷೆ ಮಾಡಿ ನೋಡಿದರು. 226ನೇ ನಂಬರಿನ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಭಾಗಕ್ಕೆ ಅವುಗಳ ಜತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರು ಬಣ್ಣಕ್ಕೆ ತಿರುಗಿತು, ಇನ್ನೊಂದು ತಿಳಿಯಾಗೇ ಉಳಿಯಿತು. ರಂಜಕ ಬರೋದು ಎಲ್ಲಿಂದ? ಕಕ್ಕಸಿನ ನೀರಿನಿಂದ, ಸೋಪಿನ ಪುಡಿಯಿಂದ, ಹೊಲಕ್ಕೆ ಹಾಕಿದ ಡಿಎಪಿಯಿಂದ. ಹಾಸನ ಸೀಮೆ ಆಲೂಗೆಡ್ಡೆಗೆ ಹೆಸರು, ಅರಕಲಗೂಡು ಹೊಗೆಸೊಪ್ಪಿಗೆ ಹೆಸರು; ಎರಡಕ್ಕೂ ಗೊಬ್ಬರ ಬೇಕು. ಮೊದಲ ಜೋರು ಮಳೆಗೆ ಕೊಚ್ಚಿಹೋದ ಮೇಲ್ಮಣ್ಣಿನ ಜತೆ ಗೊಬ್ಬರವೂ ಕೆರೆಗೇ ಇಳಿಯುತ್ತೆ. ರೈತನ ದುಡ್ಡು ಕೆರೆಯಲ್ಲಿ ಪಾಚಿಯಾಗಿ, ಜೊಂಡಾಗಿ, ಅಂತರಗಂಗೆಯಾಗಿ ಬೆಳೆಯುತ್ತೆ.

ಇದರ ಕೊನೆ ಎಲ್ಲಿಗೆ ಅಂತ ಕೇಳೋರು ಬೆಂಗಳೂರು ನೋಡಿದರೆ ಸಾಕು. ಅಲ್ಲಿನ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಬಿತ್ತು. ನೀರಿಗೆ ಬೆಂಕಿ! ಹಾಸನ ಇನ್ನೂ ಅಲ್ಲಿಗೆ ಹೋಗಿಲ್ಲ. ಹೋಗಬೇಕೆಂದೇನೂ ಇಲ್ಲ.

ಯಾರ ಕೆರೆ?

ತಪ್ಪು ಯಾರದು ಅಂದರೆ ಬೆರಳು ತೋರಿಸೋದಕ್ಕೆ ಒಬ್ಬರು ಸಿಕ್ಕೋದಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಮ್ಮಿ ಇದ್ದರೆ ಕೆರೆ ಪಂಚಾಯಿತಿಯದು. ಅದಕ್ಕಿಂತ ಹೆಚ್ಚಾದರೆ ಸಣ್ಣ ನೀರಾವರಿ ಇಲಾಖೆಯದು. ನಾಲೆ ಕಾವೇರಿ ನೀರಾವರಿ ನಿಗಮದ್ದು. ಮೀನು ಮೀನುಗಾರಿಕೆ ಇಲಾಖೆಯ ಲೆಕ್ಕದ್ದು. ಒತ್ತುವರಿ ಕಂದಾಯ ಇಲಾಖೆಯ ತಲೆನೋವು. ಬಚ್ಚಲ ನೀರು ನಗರಾಡಳಿತದ್ದು. ಸರದ ಮೇಲಿನ ಮಣಿ ಒಬ್ಬರದು, ಕೆಳಗಿನ ಮಣಿ ಇನ್ನೊಬ್ಬರದು. ನಡುವಿನ ದಾರ, ಅಂದರೆ ಹಳ್ಳ, ಯಾರದೂ ಅಲ್ಲ! ಹಿಂದೆ ಇವರೆಲ್ಲರ ಕೆಲಸವನ್ನು ಊರೂ, ಒಬ್ಬ ನೀರುಗಂಟಿಯೂ ಸೇರಿ ನಿಭಾಯಿಸುತ್ತಿದ್ದರು.

ಕಾನೂನಿಗೆ ಬರ ಇಲ್ಲ. ಕೆರೆ ಸಂರಕ್ಷಣೆಗೆ ಅಂತಲೇ ರಾಜ್ಯದಲ್ಲಿ 2014ರಲ್ಲಿ ಕಾಯಿದೆ ಬಂತು. ಯೋಜನೆಗಳಿಗೂ ಬರ ಇಲ್ಲ. 2022ರಲ್ಲಿ ಕೇಂದ್ರ ಸರಕಾರ ಅಮೃತ ಸರೋವರ ಅಂತ ಜಿಲ್ಲೆಗೆ 75 ಕೆರೆಗಳ ಗುರಿ ಕೊಟ್ಟಿತು. ಗುರಿ ಎಲ್ಲಾ ಕೆರೆಯ ಎಣಿಕೆಯಲ್ಲಿ. ಎಷ್ಟು ಮೈಲಿ ಹಳ್ಳ ಬಿಡಿಸಿದಿರಿ, ಎಷ್ಟು ಕೋಡಿ ದಾರಿ ತೆರವು ಮಾಡಿದಿರಿ ಅಂತ ಕೇಳುವ ಯೋಜನೆ ಮಾತ್ರ ಕಾಣೋದಿಲ್ಲ. ಕೆರೆಯ ಏರಿಗೆ ಕಲ್ಲು ಕಟ್ಟಿ, ಬಣ್ಣ ಬಳಿದು, ಸುತ್ತ ವಾಕಿಂಗ್ ಹಾದಿ ಮಾಡಿ, ಬೆಂಚು ಹಾಕೋದು ಸುಲಭ. ಫೋಟೋಗೂ ಚೆನ್ನ. ಹಳ್ಳ ಬಿಡಿಸೋದು ಅಂದರೆ ಓಟಿನ ಮಾತು. ಹಳ್ಳ ಒತ್ತಿದವನು ಯಾವ ಪಕ್ಷದಲ್ಲಾದರೂ ಇರ್ತಾನೆ.

ಮಾಡಬೇಕಾದ್ದು ಮಹಾ ಗುಟ್ಟೇನಲ್ಲ. ಒಂದೊಂದೇ ಕೆರೆಯನ್ನಲ್ಲ, ಒಂದು ಸರವನ್ನು ಹಿಡಿಯಬೇಕು. ತಲೆಯ ಕಟ್ಟೆಯಿಂದ ಬುಡದ ಕೆರೆಯವರೆಗೆ ಗ್ರಾಮ ನಕ್ಷೆ ಇಟ್ಟುಕೊಂಡು ಹಳ್ಳ ಅಳೆದು ಕಲ್ಲು ನೆಡಬೇಕು. ರಸ್ತೆಗೆ ಮೋರಿ ಕೂಡಿಸಬೇಕು. ಹೂಳನ್ನು ತೂಬಿನ ಮಟ್ಟ ನೋಡಿ ಸಮನಾಗಿ ತೆಗೆದು ಅಚ್ಚುಕಟ್ಟಿನ ರೈತರಿಗೇ ಕೊಡಬೇಕು. ಬಚ್ಚಲ ನೀರನ್ನು ಶುದ್ಧಿ ಮಾಡದೆ ಕೆರೆಗೆ ಬಿಡಬಾರದು. ಇಷ್ಟು ಮಾಡಿದ ಕೆರೆಗೆ ಆಮೇಲೆ ನಾಲೆ ನೀರು ಕೊಡಲಿ, ಬೇಡ ಅಂದವರಾರು? ಮಳೆ ನೀರು ಊಟವಾಗಲಿ, ನಾಲೆ ನೀರು ಉಪ್ಪಿನಕಾಯಿಯಾಗಲಿ. ಈಗ ಆಗಿರೋದು ತಲೆಕೆಳಗು.

ಗೊರೂರು ಮತ್ತೆ ತುಂಬುತ್ತೆ. ಬಾಗಿನ ಬಿಡೋದಕ್ಕೆ ಕಾರುಗಳು ಸಾಲು ನಿಲ್ಲುತ್ತವೆ. ಆ ದಿನ ಹಳ್ಳಿಯಿಂದ ಹೋದ ಗೌಡರು, ಪಂಚಾಯ್ತಿ ಮೆಂಬರುಗಳು ‘ನೀರು ಬಿಡಿ ಸ್ವಾಮಿ’ ಅನ್ನೋದರ ಜತೆಗೆ ‘ನಮ್ಮೂರ ಕೆರೆಗೆ ಬರೋ ಹಳ್ಳ ಎಲ್ಲಿದೆ, ಅಳೆದು ಬಿಡಿಸಿಕೊಡಿ’ ಅಂತಲೂ ಒಂದು ಅರ್ಜಿ ಕೊಟ್ಟು ಬರಲಿ. ಅರ್ಜಿ ಬರೆಯೋದಕ್ಕೆ ಮೊದಲು ಆ ಹಳ್ಳದಲ್ಲಿ ತಮ್ಮದೇ ಬೇಲಿ ಎಷ್ಟು ದೂರ ಹೋಗಿದೆ ಅನ್ನೋದನ್ನೂ ಒಮ್ಮೆ ಹೋಗಿ ನೋಡಿಕೊಳ್ಳಲಿ.